ನೆರಳಲ್ಲಿ ಒಣಗಬೇಕಾದ ಬೀಜ

ಕಲಘಟಗಿ ಕಡೆಯ ತಂಬೂರಿನಲ್ಲಿ ಶಿವಗಂಗವ್ವನ ಎದುರಿಗೆ ಬೀಜದ ಮಾತು ಎತ್ತುವವರು ಸ್ವಲ್ಪ ಪುರುಸೊತ್ತು ಮಾಡಿಕೊಂಡೇ ಎತ್ತಬೇಕಾಗಿತ್ತು. ಸವತೆಬೀಜ ಜೊಳ್ಳು ಬಿದ್ದಿದೆ ಎಂದು ಯಾರಾದರೂ ಅಂದರೆ ಮುಗಿಯಿತು. ಬಳ್ಳಿಯಲ್ಲಿ ಯಾವ ಕಾಯಿ ಬಿಟ್ಟಿದ್ದಿ, ಬುಡದ್ದೋ ತುದಿಯದ್ದೋ, ಹರಿದವರಾರು, ಹರಿಯುವಾಗ ಪೂರಾ ಹಣ್ಣಾಗಿತ್ತೋ ಇಲ್ಲವೋ ಎಂದು ಫೌಜದಾರನ ಹಾಗೆ ವಿಚಾರಣೆ ನಡೆಸಿ, "ನಿನ್ನಂಥಾಕಿ ಕೈಯಾಗ ಸಿಕ್ಕು ಬೀಜ ಹಾಳಾತು ನೋಡು" ಎಂದು ತೀರ್ಪು ಕೊಡುತ್ತಿದ್ದಳು. ಬೈದ ಬಾಯಲ್ಲೇ "ಒಳಗ ಬಾ" ಎಂದು ಕರೆದು ಒಂದು ಹಿಡಿ ಬೀಜ ಸೆರಗಿಗೆ ಸುರಿದು ಕಳಿಸುತ್ತಿದ್ದಳು. ಬೈಸಿಕೊಳ್ಳದೆ ಅವಳ ಮನೆಯಿಂದ ಬೀಜ ಒಯ್ದವರು ಊರಲ್ಲಿ ಇರಲಿಲ್ಲ.

ಹುಟ್ಟಿದ್ದು ದುಮ್ಮವಾಡ, ಕೊಟ್ಟದ್ದು ತಂಬೂರಿಗೆ. ಅಡಿಗೆಮನೆಯ ಹಿಂದೆ ಒಂದು ಕತ್ತಲೆ ಕೋಣೆ; ಅದರಲ್ಲಿ ಸಾಲಾಗಿ ಕೂತ ಮಣ್ಣಿನ ಗಡಿಗೆಗಳನ್ನು ಅತ್ತೆ ಗುರವ್ವ ಸಾಯುವ ಮೊದಲು ಸೊಸೆಗೆ ಒಪ್ಪಿಸಿ ಕಣ್ಣು ಮುಚ್ಚಿದಳು. ಭತ್ತ, ಜೋಳ, ಅವರೆ, ಹೀರೆ, ಬದನೆ, ಮೆಣಸಿನಕಾಯಿ ಎಲ್ಲದರ ಬೀಜ ಅಲ್ಲಿತ್ತು. ಬೆಳೆ ಹೊಲದಲ್ಲಿ ನಿಂತಿರುವಾಗಲೇ ಶಿವಗಂಗವ್ವ ತಿರುಗಾಡಿ ಚಲೋ ತೆನೆಗಳಿಗೆ ಕೆಂಪು ದಾರ ಕಟ್ಟಿ ಬರುತ್ತಿದ್ದಳು. ಆ ದಾರದ ತೆನೆಗೆ ಸ್ವಂತ ಮಗ ಮಡಿವಾಳೆಪ್ಪ ಕುಡುಗೋಲು ಹಚ್ಚಿದರೂ ಅವತ್ತು ಅವನಿಗೆ ಊಟವಿಲ್ಲ. ಅದನ್ನು ಬೇರೆ ಕೊಯ್ದು, ಬೇರೆ ಬಡಿದು, ಸುಡುಬಿಸಿಲಿನಲ್ಲಿ ಹರವಿ, ದಿನಾಲು ಒಂದು ಕಾಳು ಹಲ್ಲಿಗೆ ಹಾಕಿ ನೋಡುವುದು. 'ಕಟ್' ಎಂದು ಮುರಿದರೆ ಒಣಗಿತು ಎಂದರ್ಥ. ಆಮೇಲೆ ಒಲೆಯ ಬೂದಿ, ಬೇವಿನ ಸೊಪ್ಪು, ಗಡಿಗೆ, ಗಡಿಗೆಯ ಬಾಯಿಗೆ ಸಗಣಿ. ಜೂನಿನಲ್ಲಿ ಮಿರಗದ ಮಳೆ ಬಿದ್ದು ನೆಲ ತೊಯ್ಯುವವರೆಗೆ ದೇವರೇ ಬಂದು ಕೇಳಿದರೂ ಗಡಿಗೆ ತೆರೆಯುವಂತಿಲ್ಲ. ಹೀಗೆ ಇಟ್ಟ ಬೀಜ ಹುಟ್ಟಲಿಲ್ಲ ಎಂಬ ದೂರು ಅತ್ತೆಯ ಕಾಲದಲ್ಲಿ ಬಂದಿರಲಿಲ್ಲ, ಸೊಸೆಯ ಕಾಲದಲ್ಲೂ ಬಂದಿರಲಿಲ್ಲ.

ಆದರೆ ಎಂಬತ್ತನೆಯ ಇಸವಿ ದಾಟಿದ ಮೇಲೆ ಬಣ್ಣದ ಪಾಕೀಟಿನ ಬೀಜ ಊರಿಗೆ ಬರಹತ್ತಿತು. ಒಂದು ದಿನ ಮಡಿವಾಳೆಪ್ಪನೇ ಕಲಘಟಗಿಯಿಂದ ಅಂಥ ಪಾಕೀಟೊಂದನ್ನು ತಂದು ಅವ್ವನ ಮುಂದೆ ಇಟ್ಟ. ಅವಳ ಮೈ ಉರಿದುಹೋಯಿತು.

"ಔಷಧಾ ಹಚ್ಚೇ ಕೊಟ್ಟಿರ್ತಾರ್ ಬೇ. ಇಳುವರಿ ಜಾಸ್ತಿ."

"ಇದರ ಬೀಜ ಹಿಡದಿಟ್ಟು ಮುಂದಿನ ವರ್ಷ ಬಿತ್ತಾಕ ಬರ್ತೈತೇನ್ಲೇ?"

"ಬರೂದಿಲ್ಲ. ಮತ್ತ ಹೊಸಾದು ತರೂದು."

"ಹಂಗಾದ್ರ ಅದು ಬೀಜಲ್ಲ, ಬಸ್ಸಿನ ಟಿಕೀಟು. ತಗದು ಆಕಡೆ ಇಡು."

ಅವನು ಆಕಡೆ ಇಟ್ಟ. ಆದರೆ ಪಾಕೀಟು ಮನೆ ಬಿಟ್ಟು ಹೋಗಲಿಲ್ಲ, ಜಂತಿಗೆ ಸಿಕ್ಕಿಸಿದ್ದು ಹಾಗೇ ಇತ್ತು. ತನ್ನ ಬೀಜ ಒಂದು ಸಲ ಕೈಕೊಟ್ಟರೆ ಸಾಕು, ಊರಿಗೆ ಊರೇ ಪಾಕೀಟಿನ ಬೆನ್ನು ಹತ್ತುತ್ತದೆ, ಅತ್ತೆಯ ಗಡಿಗೆಗಳು ಕೋಳಿ ಮೊಟ್ಟೆ ಇಡುವುದಕ್ಕೆ ಉಳಿಯುತ್ತವೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಸುಮ್ಮನಿರಬೇಕಲ್ಲ!

ಮಗ್ಗುಲ ಮನೆಯವಳು ಗೌಸಬಿ, ಗಾದಿ ಹೊಲಿಯುವ ಮಾಬುಸಾಬನ ಹೆಂಡತಿ. ಅವಳ ತವರು ಚಿಕ್ಕಮಗಳೂರಿನ ಆಚೆ, ಬಾಬಾಬುಡನ್ ಬೆಟ್ಟದ ಸೆರಗಿನ ಒಂದು ಹಳ್ಳಿ. ಮದುವೆಯಾಗಿ ಬಂದು ಮಕ್ಕಳ ಮದುವೆಯಾಗುವ ಹೊತ್ತಾದರೂ ಅವಳಿಗೆ ಈ ಊರಿನ ಚಹಾ ಮಾತ್ರ ಗಂಟಲಿಗೆ ಇಳಿದಿರಲಿಲ್ಲ. ಎರಡೂ ಮನೆಯ ಹಿತ್ತಲಿನ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಗೋಡೆಯ ಮೇಲಿನಿಂದ ದಿನಾ ಮುಂಜಾನೆ ಶಿವಗಂಗವ್ವನ ಮಜ್ಜಿಗೆ ಆಕಡೆ ಹೋಗುತ್ತಿತ್ತು, ಗೌಸಬಿಯ ಗಿಡದ ನಿಂಬೆಹಣ್ಣು ಈಕಡೆ ಬರುತ್ತಿತ್ತು. ಬಂದ ನಿಂಬೆಹಣ್ಣನ್ನು ಶಿವಗಂಗವ್ವ ತೊಳೆದೇ ಒಳಗೆ ಒಯ್ಯುತ್ತಿದ್ದಳು. ಅದು ಗೌಸಬಿಗೂ ಗೊತ್ತಿತ್ತು. ಅದರ ಮೇಲೆ ಯಾರೂ ಮಾತಾಡುತ್ತಿರಲಿಲ್ಲ. ಉಳಿದಂತೆ ಇಬ್ಬರಿಗೂ ಒಬ್ಬರನ್ನೊಬ್ಬರು ಬೈಯದೆ ಹೊತ್ತು ಹೋಗುತ್ತಿರಲಿಲ್ಲ.

ಆ ವರ್ಷ ಸುಗ್ಗಿ ಮುಗಿದ ಮೇಲೆ ಹಿಟ್ಟಿನ ಗಿರಣಿಯಲ್ಲಿ ಪಾಳಿ ಹಚ್ಚಿ ಕೂತಾಗ ಗೌಸಬಿ ತವರಿನ ಸುದ್ದಿ ತೆಗೆದಳು. ಬ್ಯಾಸಿಗಿಯಾಗ ಒಂದ ಮಳಿ ಬಿತ್ತಂದ್ರ ಕಾಫಿ ಗಿಡ ಪೂರಾ ಬೆಳ್ಳಗ ಹೂ ಆಗ್ತಾವು, ಮಲ್ಲಿಗಿ ವಾಸ್ನಿ ಬಡಿತೈತಿ, ನಿಮ್ಮ ಊರಾಗ ಏನೈತಿ, ಧೂಳ ಬಿಟ್ರ ಧೂಳ ಎಂದಳು. ಅವಳ ಕಣ್ಣು ತುಂಬಿದ್ದು ಶಿವಗಂಗವ್ವನಿಗೆ ಕಂಡಿತು. ಕಂಡದ್ದರಿಂದಲೇ ಸಿಟ್ಟೂ ಬಂತು.

"ದಿನಾ ಒಂದ ರಾಗ ಹಚ್ಚೀಯಲ್ಲ! ಬೀಜ ತರಿಸು. ನಿನ್ನ ಕಾಫಿ ಏನು ಸ್ವರ್ಗದಿಂದ ಇಳದೈತೇನು? ಈ ಮಣ್ಣಾಗ ನಾ ಹುಟ್ಟಸ್ತೀನಿ. ಹುಟ್ಟಸಲಿಲ್ಲಂದ್ರ ಇನ್ನ ನನ್ನ ಗಡಗಿ ಬೀಜ ಯಾರೂ ಮುಟ್ಟಬ್ಯಾಡ್ರಿ, ತಿಳೀತಿಲ್ಲೋ?"

ಪಾಳಿಯಲ್ಲಿ ಕೂತ ಹೆಂಗಸರೆಲ್ಲ ಕೇಳಿಸಿಕೊಂಡರು. ರೇವವ್ವ ಎಂಬ ಸುದ್ದಿಬುರುಕಿಯಂತೂ ಹಿಟ್ಟು ಒಯ್ಯುವುದನ್ನೂ ಮರೆತು ಊರ ತುಂಬ ಸಾರಿ ಬಂದಳು.

ಜನವರಿಯಲ್ಲಿ ಗೌಸಬಿಯ ತಮ್ಮ ರಸೂಲಸಾಬ ಬಂದ. ಬೆಟ್ಟದ ಮೇಲಿನ ಕಾಫಿ ತೋಟದಲ್ಲಿ ಮೇಸ್ತ್ರಿ. ಅಕ್ಕ ಹೇಳಿ ಕಳಿಸಿದ್ದಳೆಂದು ಒದ್ದೆ ಬಟ್ಟೆಯಲ್ಲಿ ಕೆಂಪು ಕೆಂಪು ಕಾಫಿ ಹಣ್ಣು ಕಟ್ಟಿಕೊಂಡು ತಂದಿದ್ದ. ಗೋಡೆಯ ಆಚೆ ನಿಂತು ಗಂಟನ್ನು ಎರಡೂ ಕೈಯಿಂದ ಶಿವಗಂಗವ್ವನಿಗೆ ಕೊಟ್ಟ. ಒಳ್ಳೆಯ ಮನುಷ್ಯನೇ, ಆದರೆ ಮಾತು ಮಾತ್ರ ತೀರ ಮೆತ್ತಗೆ. ಈ ಸೀಮೆಯಲ್ಲಿ ಕತ್ತು ಕುಯ್ದರೂ ಯಾರೂ ಅಷ್ಟು ಮೆತ್ತಗೆ ಮಾತಾಡುವುದಿಲ್ಲ.

"ಇದು ಅರೇಬಿಕಾ ಅಮ್ಮ. ಮೇಲಿನ ಬೆಟ್ಟದ್ದು, ಸ್ವಲ್ಪ ನಾಜೂಕು. ನೆರಳು, ತಂಪು ಕೇಳುತ್ತೆ. ತಗ್ಗಿನ ತೋಟದಲ್ಲಿ ರೊಬಸ್ಟಾ ಅಂತ ಬೆಳೀತಾರೆ, ಅದು ಒರಟು ಜಾತಿ. ಅರೇಬಿಕಾದಲ್ಲೂ ಹಳೇ ಚಿಕ್ಕು, ಕೆಂಟ್ಸು ಅಂತ ಬೇರೆ ಬೇರೆ ಇವೆ. ಇದು ಏಳುನೂರ ತೊಂಬತ್ತೈದು."

"ಬೀಜಕ್ಕ ನಂಬರ್ ಹಾಕ್ತಾರಂತಲ್ಲ, ಎಮ್ಮಿ ಕಿವಿಗೆ ಬಿಲ್ಲಿ ಹೊಡದಂಗ!" ಎಂದು ಶಿವಗಂಗವ್ವ ನಕ್ಕಳು.

ಅವನೂ ನಕ್ಕು, ಸಿಪ್ಪೆ ಬಿಡಿಸಿ, ಬೂದಿ ಹಚ್ಚಿ, ನೆರಳಲ್ಲಿ ಸ್ವಲ್ಪ ಆರಿಸಿ, ಬೇಗ ಹಾಕಿಬಿಡಿ ಎಂದ. ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಚಪ್ಪಟೆ ಬೀಜ ಇರುತ್ತವೆ, ಅಲ್ಲೊಂದು ಇಲ್ಲೊಂದು ಹಣ್ಣಿನಲ್ಲಿ ಗುಂಡಗೆ ಒಂಟಿ ಬೀಜ ಬರುತ್ತದೆ, ಅದನ್ನು ಬಿತ್ತಲು ತೆಗೆದುಕೊಳ್ಳಬೇಡಿ ಎಂದ. ಶಿವಗಂಗವ್ವನ ಕಿವಿಗೆ 'ಬೂದಿ' ಬಿತ್ತು. ಅದು ತನಗೆ ಗೊತ್ತಿದ್ದದ್ದೇ. ಉಳಿದದ್ದಕ್ಕೆ ಅವಳು ತಲೆ ಆಡಿಸಿದಳು, ಅಷ್ಟೇ.

ನೆರಳಲ್ಲಿ ಆರಿಸುವುದಂತೆ! ನೆರಳಲ್ಲಿ ಇಟ್ಟರೆ ಬೂಸು ಬರುತ್ತದೆ, ಹುಳ ಹಿಡಿಯುತ್ತದೆ. ಬೇಗ ಹಾಕುವುದಂತೆ! ಮಾಗಿಯ ಒಣಚಳಿಯಲ್ಲಿ ಯಾವ ಮನುಷ್ಯ ಬೀಜ ಬಿತ್ತುತ್ತಾನೆ? ತೋಟದ ಕೂಲಿ ಮಾಡಿಸುವವನಿಗೆ ಬೀಜದ ಕೆಲಸ ಏನು ಗೊತ್ತು ಎಂದು ಒಬ್ಬಳೇ ವಟಗುಟ್ಟುತ್ತ ಹಣ್ಣಿನ ಸಿಪ್ಪೆ ಬಿಡಿಸಿದಳು. ಗುಂಡಗಿನ ಒಂಟಿ ಬೀಜ ಕಂಡಾಗಲಂತೂ ಅವನ ಮೇಲೆ ಮರುಕವೇ ಬಂತು. ತುಂಬಿಕೊಂಡು ಎಷ್ಟು ಚೆಂದ ಇದ್ದವು! ಅವನ್ನೇ ಮೊದಲು ಆರಿಸಿ ಇಟ್ಟಳು. ಎಲ್ಲವನ್ನೂ ಅಂಗಳದ ನಟ್ಟನಡುವೆ, ತಲೆಯ ಮೇಲೆ ಸೂರ್ಯ ಉರಿಯುವ ಕಡೆ ಚಾಪೆಯ ಮೇಲೆ ಹರವಿದಳು. ದಿನಾಲು ಒಂದನ್ನು ಹಲ್ಲಿಗೆ ಹಾಕಿದಳು. ಒಂದು ದಿನ 'ಕಟ್' ಎಂದಿತು. ಅಗದಿ ಖುಷಿಯಾಗಿ ಬೂದಿ ಬೆರೆಸಿ, ಹೊಸ ಗಡಿಗೆಗೆ ತುಂಬಿ ಸಗಣಿ ಮೆತ್ತಿದಳು.

ಗೌಸಬಿಗೆ ಈ ಕೋಣೆಯೊಳಗೆ ಪ್ರವೇಶವಿರಲಿಲ್ಲ. ಪ್ರವೇಶ ಯಾರಿಗೂ ಇರಲಿಲ್ಲ. "ಹಾಕೀರೇನ್ರಿ?" ಎಂದು ಅವಳು ಗೋಡೆಯಾಚೆಯಿಂದ ಕೇಳಿದರೆ, "ಹೆಂಗ ಬೇಕೋ ಹಂಗ ಮಾಡೀನಿ, ನೀ ಸುಮ್ಮಕಿರು" ಎಂಬ ಉತ್ತರ ಬರುತ್ತಿತ್ತು. ಬೀಜದ ವಿಷಯದಲ್ಲಿ ಶಿವಗಂಗವ್ವನಿಗೆ ಹೇಳಲು ತಾನು ಯಾರು ಎಂದು ಅವಳಿಗೂ ಅನ್ನಿಸುತ್ತಿತ್ತು.

ಶಿವಗಂಗವ್ವನಿಗೆ ಇನ್ನೊಂದು ರೋಗ ಇತ್ತು, ಕಳೆಕಸ ಕಂಡರೆ ಕೈ ನಿಲ್ಲದ ರೋಗ. ಬಸ್ಸಿಗೆ ಕಾಯುತ್ತ ನಿಂತರೂ ರಸ್ತೆಯ ಬಾಜು ಬೆಳೆದ ಕಸ ಕೀಳುತ್ತಿದ್ದಳು. ಬೀಗರ ಮನೆಗೆ ಹೋದರೆ ಅವರ ಅಂಗಳವನ್ನೂ ಬಿಡುತ್ತಿರಲಿಲ್ಲ. ಗೌಸಬಿಯ ಬಚ್ಚಲ ನೀರು ಗೋಡೆಯ ಬುಡದ ಕಿಂಡಿಯಿಂದ ಇವಳ ಬಾಳೆಗಿಡಕ್ಕೆ ಹರಿದು ಬರುತ್ತಿತ್ತು. ಹೋಳಿಹುಣ್ಣಿವೆ ಮುಗಿದ ಮೇಲೆ ಮಾಬುಸಾಬನಿಗೆ ಹುಬ್ಬಳ್ಳಿಯ ಮದುವೆ ಮನೆಯೊಂದರಲ್ಲಿ ಗಾದಿ ಹೊಲಿಯುವ ಕೆಲಸ ಸಿಕ್ಕು ಗಂಡಹೆಂಡತಿ ಇಬ್ಬರೂ ಊರು ಬಿಟ್ಟರು. ಆ ದಿನಗಳಲ್ಲಿ ಕಿಂಡಿ ಒಣಗಿತ್ತು. ಒಣಗಿದಾಗಲೇ ಅದರ ಹೂಳು ತೆಗೆಯೋಣವೆಂದು ಶಿವಗಂಗವ್ವ ಆಕಡೆ ಹೋದರೆ, ಬಟ್ಟೆ ಒಗೆಯುವ ಕಲ್ಲಿನ ಸುತ್ತ, ನಿಂಬೆಗಿಡದ ನೆರಳಿನಲ್ಲಿ, ಯಾವುದೋ ಹಾಳು ಕಸ ಗುಂಪು ಗುಂಪಾಗಿ ಎದ್ದಿತ್ತು. ಕಡ್ಡಿಯಂಥ ದಂಟು, ತುದಿಗೊಂದು ಟೊಪ್ಪಿಗೆ. ಕೆಲವು ಟೊಪ್ಪಿಗೆ ಬಿಚ್ಚಿ ಎರಡು ದುಂಡನೆಯ ಎಲೆ ಬಿಟ್ಟಿದ್ದವು.

"ಬಚ್ಚಲ ಅಂದ್ರ ಅಡವಿ ಮಾಡ್ಯಾಳ ಹಾಳಾದಾಕಿ" ಎಂದು ಗೌಸಬಿಯನ್ನು ಬೈಯುತ್ತ ಸೆರಗು ಸಿಕ್ಕಿಸಿ ಕೂತಳು. ಕೈಗೆ ಸಿಕ್ಕಿದ್ದನ್ನೆಲ್ಲ ಬೇರುಸಹಿತ ಕಿತ್ತು ತಿಪ್ಪೆಗೆ ಒಗೆದಳು. ಒಗೆಯುವ ಕಲ್ಲಿನ ಹಿಂದಿನ ಸಂದಿಗೆ ಕೈ ಹೋಗಲಿಲ್ಲ, ಅದನ್ನು ಬಿಟ್ಟಳು. ಗೌಸಬಿ ಹುಬ್ಬಳ್ಳಿಯಿಂದ ಬರುವ ಹೊತ್ತಿಗೆ ಬಚ್ಚಲು ಸ್ವಚ್ಛವಾಗಿತ್ತು. ಮಾಡಿದ್ದನ್ನು ಹೇಳುವುದು ಶಿವಗಂಗವ್ವನಿಗೆ ನೆನಪೂ ಆಗಲಿಲ್ಲ. ಊರಿನಲ್ಲಿ ಅವಳು ಕಿತ್ತ ಕಸಕ್ಕೆ ಲೆಕ್ಕ ಇಟ್ಟವರು ಯಾರು?

ಮಿರಗದ ಮಳೆ ಬಿತ್ತು. ಗಡಿಗೆಯ ಬಾಯಿ ತೆರೆದಳು. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಹಿತ್ತಲಿನಲ್ಲಿ ಪಾತಿ ಮಾಡಿ, ಗಟ್ಟಿ ಗೊಬ್ಬರ ಹಾಕಿ ಬೀಜ ಊರಿದಳು. ನೋಡಲು ರೇವವ್ವ ಮೊದಲಾಗಿ ಅರ್ಧ ಊರಿನ ಹೆಂಗಸರು ಬಂದಿದ್ದರು. ಒಂದು ವಾರ ಹೋಯಿತು. ಎರಡು ವಾರ ಹೋಯಿತು. ಜೋಳ ಮೊಳಕಾಲೆತ್ತರ ಬಂತು, ಸವತೆಬಳ್ಳಿ ಚಪ್ಪರ ಹತ್ತಿತು, ಕಾಫಿಯ ಪಾತಿ ಮಾತ್ರ ಬೋಳು. ತಡವಾಗಿ ಹುಟ್ಟುವ ಜಾತಿ ಎಂದು ಗೌಸಬಿಯೇ ಸಮಾಧಾನ ಹೇಳಿದಳು. ನಾಗರಪಂಚಮಿ ಬಂತು, ಹೋಯಿತು. "ಯಕ್ಕಾ, ಕಾಫಿ ಕಾಸಾಕ ಹಾಲು ತರ್ಲೇನು?" ಎಂದು ಬಾವಿಗೆ ಹೋಗುವವರೆಲ್ಲ ಬೇಕೆಂದೇ ಅವಳ ಹಿತ್ತಲ ಮುಂದೆ ನಿಂತು ಕೇಳಹತ್ತಿದರು. ಮಡಿವಾಳೆಪ್ಪ ಜಂತಿಯ ಪಾಕೀಟು ತೆಗೆದು ಧೂಳು ಒರೆಸಿ ಮತ್ತೆ ಇಟ್ಟ. ಅದು ಅವಳಿಗೆ ಎಲ್ಲರ ಮಾತಿಗಿಂತ ಹೆಚ್ಚು ಹತ್ತಿತು.

ಪಾತಿಯನ್ನು ಬೆರಳಿನಿಂದ ಕೆದರಿ ನೋಡಿದಳು. ಬೀಜ ಇಟ್ಟ ಹಾಗೇ ಇದ್ದವು. ಒಡೆದಿರಲಿಲ್ಲ, ಉಬ್ಬಿರಲಿಲ್ಲ, ಸತ್ತು ಮಲಗಿದ್ದವು. ಅವತ್ತು ಗಿರಣಿಯಲ್ಲಿ ಮತ್ತೆ ಅದೇ ಪಾಳಿ, ಅದೇ ಹೆಂಗಸರು. ರೇವವ್ವ ಬಾಯಿ ತೆಗೆಯುವುದರೊಳಗೆ ಶಿವಗಂಗವ್ವನೇ ಸಿಡಿದಳು.

"ಕುದಿಸಿದ ಬೀಜ ತಂದು ಕೊಟ್ಟಾನ ಈಕಿ ತಮ್ಮ! ಹೊರಗಿನವ್ರು ಬೆಳಿಬಾರ್ದಂತ ತೋಟದ ಸಾವಕಾರ್ರು ಕುದಿಸೇ ಬಿಡ್ತಾರ. ಇವಗ ಗೊತ್ತಿತ್ತು. ಗೊತ್ತಿದ್ದ ನನ್ನ ಕೈಗೆ ಹಾಕಿ ನಗಿಪಾಟಲ ಮಾಡ್ಯಾನ."

ಗೌಸಬಿಯ ಮುಖ ಕಪ್ಪಿಟ್ಟಿತು. "ನನ್ನ ತಮ್ಮ ಅಂಥಾವಲ್ರಿ ಅಕ್ಕಾರ."

"ಹಂಗಾದ್ರ ನನ್ನ ಕೈ ಸುಳ್ಳೇನು? ಥೂ, ಅವನ ಬೀಜಕ್ಕಷ್ಟು!" ಎಂದು ಶಿವಗಂಗವ್ವ ನೆಲಕ್ಕೆ ಉಗುಳಿದಳು.

ಗೌಸಬಿ ಬೀಸದ ಜೋಳದ ಬುಟ್ಟಿ ತಲೆಗೆ ಏರಿಸಿಕೊಂಡಳು. "ನನ್ನ ತಮ್ಮನ ಹೆಸರಿಗೆ ಉಗುಳಿದ್ರೆಲಾ, ಇನ್ನ ನಿಮ್ಮ ಮನಿ ಮಜ್ಜಿಗಿ ನನಗ ಹರಾಮ" ಎಂದು ಹೇಳಿ ಹೊರಟುಹೋದಳು.

ಊರು ಶಿವಗಂಗವ್ವನನ್ನೇ ನಂಬಿತು. ನಂಬದೆ ಏನು, ಇಷ್ಟು ವರ್ಷ ಅವಳ ಬೀಜ ಹುಟ್ಟಿದ್ದನ್ನು ಅವರೇ ಕಂಡವರು. ಹಿಂಗಾರಿ ಬಿತ್ತನೆಗೆ ಜೋಳ ಕೇಳಲು ಎಂದಿನಂತೆ ಬಂದರು, ಬೈಸಿಕೊಂಡು ಒಯ್ದರು. ಹೆಸರು ಉಳಿಯಿತು. ಆದರೆ ಮುಂಜಾನೆ ಮಜ್ಜಿಗೆ ಕಡೆದು ತಂಬಿಗೆ ಎತ್ತಿಕೊಂಡು ಗೋಡೆಯ ತನಕ ಹೋಗಿ, ಆಮೇಲೆ ನೆನಪಾಗಿ, "ಸಾಯ್ಲಿ" ಎನ್ನುತ್ತ ಕರುವಿನ ಬಾನಿಗೆ ಸುರಿದು ಬರುವುದು ದಿನಾ ಆಯಿತು. ಆಚೆ ಗೌಸಬಿ ಬಟ್ಟೆ ಒಗೆಯುವ ಸಪ್ಪಳ ಕೇಳುತ್ತಿತ್ತು. ಬೈಯಲು ಮನುಷ್ಯರಿಲ್ಲದೆ ಶಿವಗಂಗವ್ವನಿಗೆ ದಿನ ದೂಡುವುದೇ ಕಷ್ಟವಾಯಿತು. ಸೊಸೆ ಒಳ್ಳೆಯವಳು, ಬೈದರೆ ಅಳುತ್ತಿದ್ದಳು. ಮಗ ಎದ್ದು ಹೊಲಕ್ಕೆ ಹೋಗುತ್ತಿದ್ದ. ತಿರುಗಿ ಬೈಯುವವಳು ಒಬ್ಬಳೇ ಇದ್ದಳು, ಅವಳು ಗೋಡೆಯ ಆಚೆ ಬಾಯಿ ಹೊಲಿದುಕೊಂಡು ಕೂತಿದ್ದಳು. ಎಂಥ ಹಟಮಾರಿ ಹೆಂಗಸು ಎಂದು ಶಿವಗಂಗವ್ವನಿಗೆ ಅಳುವೇ ಬರುತ್ತಿತ್ತು.

ಮತ್ತೆ ಜನವರಿ ಬಂತು. ಶಿವಗಂಗವ್ವ ಗೋಡೆಯ ಈಕಡೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಆಚೆಯಿಂದ ಮೆತ್ತಗಿನ ದನಿ ಕೇಳಿತು. ರಸೂಲಸಾಬ ಬಂದಿದ್ದ. ಅವಳು ಕೈ ನಿಲ್ಲಿಸಿದಳು.

"ಏನಕ್ಕ ಇದು, ಬುಟ್ಟಿ ಮುಚ್ಚಿ ಇಟ್ಟಿದ್ದೀಯಾ? ಅಯ್ಯೋ, ಕಾಫಿ ಗಿಡ! ಯಾರು ಹಾಕಿದ್ದು?"

"ಯಾರೂ ಹಾಕಿಲ್ಲಪಾ. ಹ್ವಾದ ವರ್ಷ ನೀ ಹಣ್ಣು ತಂದಿದ್ದೆಲ್ಲ, ಗಂಟು ಆಕಡೆ ಕೊಡೂಕಿಂತ ಮೊದ್ಲ ಒಂದು ಬೊಗಸಿ ತಗೊಂಡಿದ್ದೆ. ಸಣ್ಣಾಕಿ ಇದ್ದಾಗ ತಿಂತಿದ್ವಿಲ್ಲ, ಹಂಗ ಇಲ್ಲೆ ಕುಂತು ಸೀಪಿ ಸೀಪಿ ಬೀಜ ಬಚ್ಚಲಿಗೆ ಉಗುಳಿದೆ. ಕಲ್ಲಿನ ಹಿಂದ ಒಂದು ಹುಟ್ಟೇತಿ. ನನ್ನ ಕಣ್ಣಿಗೆ ಬಿದ್ದದ್ದು ದೀಪಾವಳ್ಯಾಗ, ಕಲ್ಲು ಸರಿಸಿದಾಗ."

"ಒಂದೇ ಒಂದಾ?"

"ಒಂದ." ಗೌಸಬಿ ಬುಟ್ಟಿ ಮತ್ತೆ ಮುಚ್ಚಿದ ಸಪ್ಪಳ ಕೇಳಿತು. "ಬೊಗಸಿ ತುಂಬ ಉಗುಳೀನಿ ರಸೂಲ. ಹುಟ್ಟಿದ್ದು ಒಂದು. ಅಂದ ಮ್ಯಾಲ ಆಕಿ ಅಂದದ್ದ ಖರೆ ಐತಿ. ನಿನ್ನ ಬೀಜದಾಗ ಏನೋ ಖೋಟಾ ಇತ್ತು. ನಾ ಸುಮ್ನ ಆ ಹೆಣ್ಣಮಗಳ ಕೂಡ ಜಗಳಾ ಮಾಡಿದೆ. ಹೋಗಿ ತಪ್ಪಾತ್ರಿ ಅನ್ಬೇಕಂತೀನಿ, ನಾಲಿಗಿ ಹೊಳ್ಳವಲ್ದು."

"ಇಲ್ಲಕ್ಕ, ನಾನೇ ಕೈಯಾರೆ ಬಿಡಿಸಿದ ಹಣ್ಣು" ಎಂದ ರಸೂಲಸಾಬ. "ನೆರಳಲ್ಲಿ ಒಣಗಿಸಿ ಬೇಗ ಹಾಕಿ ಅಂತ ಹೇಳಿದ್ದೆ. ಬಿಸಿಲಿಗೆ ಇಟ್ಟರೆ ಕಾಫಿ ಬೀಜ ಸತ್ತುಹೋಗುತ್ತೆ. ಆದರೆ ಅವರು ಬೀಜದವರು, ಹಾಗೆ ಯಾಕೆ ಮಾಡ್ತಾರೆ, ಸರಿಯಾಗೇ ಮಾಡಿರ್ತಾರೆ. ನನಗೇ ತಿಳೀತಿಲ್ಲ. ಬಚ್ಚಲಲ್ಲಿ ಬೇರೆ ಯಾವುದೂ ಏಳಲೇ ಇಲ್ವಾ? ಮೊದಲು ಬೀಜವನ್ನೇ ತಲೆ ಮೇಲೆ ಟೋಪಿ ಥರ ಹೊತ್ತುಕೊಂಡು ಏಳುತ್ತೆ. ಎರಡು ತಿಂಗಳಿಗೆ, ಹೋಳಿ ಹೊತ್ತಿಗೆ."

"ಹೋಳಿ ಆದ ಮ್ಯಾಲ ನಾವು ಹುಬ್ಬಳ್ಳ್ಯಾಗ ಇದ್ವಿ. ಬಂದಾಗ ಬಚ್ಚಲ ಖಾಲಿ ಇತ್ತು."

ಅವರೆಕಾಯಿಯ ಮೊರ ಶಿವಗಂಗವ್ವನ ತೊಡೆಯ ಮೇಲಿನಿಂದ ಜಾರಿತು. ಟೊಪ್ಪಿಗೆ. ಕಡ್ಡಿಯಂಥ ದಂಟು, ಎರಡು ದುಂಡನೆಯ ಎಲೆ. ಬೇರುಸಹಿತ ಕೀಳುವಾಗ ಮಣ್ಣಿನಿಂದ ಬಂದ ಸಣ್ಣ ಸಪ್ಪಳವೂ ಅವಳಿಗೆ ನೆನಪಾಯಿತು. ತನ್ನ ಪಾತಿಯಲ್ಲಿ ಬೀಜ ಸತ್ತು ಮಲಗಿದ್ದು ಕಾಣುವ ನಾಲ್ಕೈದು ತಿಂಗಳು ಮೊದಲೇ ಗೌಸಬಿಯ ಹಿತ್ತಲಿನಲ್ಲಿ ಅದೇ ಬೀಜ ಗುಂಪಾಗಿ ಎದ್ದು ನಿಂತಿತ್ತು. ಇದು ಭೂಮಿಯ ಮೇಲೆ ತನ್ನೊಬ್ಬಳಿಗೇ ಗೊತ್ತು. ಸುಮ್ಮನೆ ಎದ್ದು ಒಳಗೆ ಹೋದರೆ ಆಯಿತು. ಸಂಜೆಯೊಳಗೆ ಗೌಸಬಿ ತಾನೇ ಬಂದು ತಪ್ಪಾಯಿತು ಅನ್ನುತ್ತಾಳೆ. ಹೆಸರೂ ಉಳಿಯುತ್ತದೆ, ಗೆಳತಿಯೂ ಸಿಗುತ್ತಾಳೆ, ಗಡಿಗೆಗಳೂ ಉಳಿಯುತ್ತವೆ. ಆ ಮೆತ್ತಗಿನ ಮನುಷ್ಯನೊಬ್ಬ ಖೋಟಾ ಆಗುತ್ತಾನೆ, ಅವನು ಹೇಗೂ ದೂರದ ಬೆಟ್ಟದವನು.

ಅವಳು ಒಳಗೆ ಹೋಗಲೂ ಎದ್ದಳು. ಬಾಗಿಲ ತನಕ ಹೋದಳು. ಅಲ್ಲಿ ನಿಂತು, ಹಾಳಾದ್ದು, ಇದೆಲ್ಲಾ ನನ್ನ ಹಣೆಗೇ ಬರೆದಿತ್ತೇ ಎಂದು ಬಾಗಿಲಿಗೆ ಕೈಯಿಂದ ಗುದ್ದಿದಳು. ತಿರುಗಿ ಬಂದು ಗೋಡೆಯ ಮೇಲೆ ಎದೆ ಊರಿ ನಿಂತಳು.

"ಎಲ್ಲಾ ಹುಟ್ಟಿದ್ವು!"

ಅಕ್ಕತಮ್ಮ ಇಬ್ಬರೂ ಬೆಚ್ಚಿಬಿದ್ದರು.

"ಏನ್ ಹಂಗ ನೋಡ್ತೀ? ಎಲ್ಲಾ ಹುಟ್ಟಿದ್ವು, ಒಂದೂ ಸತ್ತಿರಲಿಲ್ಲ. ನಾನ ಕಸ ಅಂತ ಕಿತ್ತು ತಿಪ್ಪಿಗೆ ಒಗದೆ. ಅಂಗಳದಾಗ ಬಿಸಲಿಗೆ ಹಾಕಿ ಸುಟ್ಟಾಕಿನೂ ನಾನ. ಒಂಟಿ ಬೀಜ ಬ್ಯಾಡ ಅಂದ್ರ ಅದನ್ನ ಮುದ್ದಾಂ ಹಾಕಿದಾಕಿನೂ ನಾನ. ಮತ್ತ ಏನರ ಉಳೀತೇನು?" ದನಿ ಒಡೆಯಿತು. ಅದಕ್ಕೂ ಸಿಟ್ಟು ಬಂದು ರಸೂಲಸಾಬನ ಕಡೆ ತಿರುಗಿದಳು. "ಅಲ್ಲೋ ತಮ್ಮಾ, ಬಿಸಲಿಗೆ ಹಾಕಿದ್ರ ಸಾಯ್ತಾವು ಅಂತ ಅವತ್ತ ಒದರಬಾರ್ದಿತ್ತೇನು? ಪಿಸಪಿಸ ಅಂದ್ರ ನನ್ನಂಥಾ ಒದರೂ ಕತ್ತಿ ಕಿವಿಗೆ ಬೀಳ್ತೈತೇನು? ತಪ್ಪು ನಂದೈತಿ. ನಿನ್ನ ಹೆಸರಿಗೆ ಉಗುಳಬಾರ್ದಾಗಿತ್ತು."

ರಸೂಲಸಾಬ ಕೈ ಮುಗಿದು ನೆಲ ನೋಡುತ್ತ ನಿಂತ. ಗೌಸಬಿ ಬಾಯಿ ತೆರೆದಳು, ಮುಚ್ಚಿದಳು, ಆಮೇಲೆ ತೆರೆದದ್ದು ಮುಚ್ಚಲೇ ಇಲ್ಲ. ಅಷ್ಟು ದಿನದಿಂದ ಕೂಡಿಟ್ಟದ್ದೆಲ್ಲ ಗೋಡೆಯ ಮೇಲೆ ಸುರಿಯಿತು. ನನ್ನ ಬಚ್ಚಲಿಗೆ ನಿಮ್ಮನ್ನ ಕರದವ್ರ್ಯಾರು, ನನ್ನ ತಮ್ಮನ್ನ ಊರ ಮುಂದ ಕಳ್ಳನ್ನ ಮಾಡಿದ್ರಿ, ಹಗಲೆಲ್ಲಾ ಗ್ವಾಡಿ ನೋಡ್ಕೋಂತ ಕುಂತೀನಿ ನಾನು ಎಂದು ಅತ್ತಳು, ಬೈದಳು, ಮತ್ತೆ ಅತ್ತಳು. ಶಿವಗಂಗವ್ವ ತುಟಿ ಕಚ್ಚಿ ಎಲ್ಲವನ್ನೂ ಕೇಳಿಸಿಕೊಂಡಳು. ಹುಟ್ಟಿದಾರಭ್ಯ ಅವಳು ತಿರುಗಿ ಮಾತಾಡದೆ ಬೈಸಿಕೊಂಡದ್ದು ಅದೇ ಮೊದಲು.

"ಮನಿಯಾಗ ಹೇಳಿದ್ರ ಆತೇನ್ರಿ? ಉಗುಳಿದ್ದು ಗಿರಣ್ಯಾಗ" ಎಂದಳು ಗೌಸಬಿ ಕಡೆಗೆ, ಮೂಗು ಒರೆಸಿಕೊಂಡು.

"ಗೊತ್ತೈತಿ ನಡೀ. ಅದನ್ನೂ ನೀನ ಕಲಿಸ್ಬೇಕೇನು?"

ಅವತ್ತು ಸಂಜೆ ಬೀಸುವುದೇನೂ ಇಲ್ಲದಿದ್ದರೂ ಶಿವಗಂಗವ್ವ ಗಿರಣಿಗೆ ಹೋದಳು. ಪಾಳಿಯ ನಡುವೆ ನಿಂತು, ಗೋಡೆಯ ಹತ್ತಿರ ಹೇಳಿದ್ದನ್ನೇ ತಿರುಗುವ ಪಟ್ಟಾದ ಸಪ್ಪಳಕ್ಕಿಂತ ಜೋರಾಗಿ ಹೇಳಿದಳು. ಹುಡುಗನ ಬೀಜ ಖರೆ ಇತ್ತು, ನನ್ನ ಕೈ ಕೆಟ್ಟಿತ್ತು ಎಂದಳು. ಕೆಲವರು ಸೆರಗಿನಲ್ಲಿ ನಕ್ಕರು. "ಹಂಗಾದ್ರ ನೀವ ಅಂದಂಗ ಇನ್ನ ಗಡಗಿ ಬೀಜ ಮುಟ್ಟಬಾರ್ದಲ್ಲ?" ಎಂದಳು ರೇವವ್ವ.

"ಮುಟ್ಟಬ್ಯಾಡ್ರಿ. ಅಂದದ್ದು ಅಂದೀನಿ" ಎಂದು ಶಿವಗಂಗವ್ವ ಹೊರಟುಬಂದಳು. ದಾರಿಯುದ್ದಕ್ಕೂ ಕಣ್ಣಿಗೆ ಏನೂ ಸರಿಯಾಗಿ ಕಾಣಲಿಲ್ಲ. ಮಡಿವಾಳೆಪ್ಪನಿಗೆ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. ಅವನು ಜಂತಿಯ ಪಾಕೀಟಿನ ಕಡೆ ನೋಡಲಿಲ್ಲ, ಅವ್ವನ ಕಡೆಯೂ ನೋಡಲಿಲ್ಲ. ಅವಳಿಗೆ ಅದನ್ನೂ ಸಹಿಸಲಾಗಲಿಲ್ಲ. "ನೋಡು, ನೋಡು, ತಗೊಂಡ ಬಿತ್ತು. ಯಾರ್ ಬ್ಯಾಡ ಅಂದ್ರು?" ಎಂದು ರೇಗಿ ಉಣ್ಣದೆ ಮಲಗಿದಳು.

ಮರುದಿನ ಮುಂಜಾನೆ ರಸೂಲಸಾಬ ಹೊರಡುವವನಿದ್ದ. ಶಿವಗಂಗವ್ವ ಮಜ್ಜಿಗೆಯ ತಂಬಿಗೆ ಗೋಡೆಯ ಮೇಲೆ ಇಟ್ಟಳು. ಗೌಸಬಿ ಸ್ವಲ್ಪ ಹೊತ್ತು ಅದನ್ನು ದಿಟ್ಟಿಸಿ, ಆಮೇಲೆ ಎತ್ತಿಕೊಂಡು ಅಲ್ಲೇ ನಿಂತು ಗಟಗಟ ಕುಡಿದಳು. ಬಾಯಿ ಒರೆಸಿಕೊಂಡು, "ಹುಳಿ ಆಗೇತಿ" ಎಂದಳು. ಒಳಗಿನಿಂದ ರಸೂಲಸಾಬ ಒದ್ದೆ ಬಟ್ಟೆಯ ಸಣ್ಣ ಗಂಟು ತಂದ. ಈ ಸಲದ್ದು ರೊಬಸ್ಟಾ, ತಗ್ಗಿನ ಸೀಮೆಗೆ ಇದೇ ತಾಳುತ್ತದೆ, ಬೀಜ ಖೋಟಾ ಅಲ್ಲ ಎಂದು ತೋರಿಸಲು ನಾನೇ ನಿಮ್ಮೆದುರಿಗೆ ಹಾಕಿ ಹೋಗಬೇಕೆಂದು ತಂದಿದ್ದೆ, ಈಗ ನೀವೇ ಹಾಕಿ ಅಮ್ಮ ಎಂದ. ಈ ಮಾತನ್ನು ಅವನು ತನ್ನ ಕೈಲಾದಷ್ಟು ಜೋರಾಗಿ, ಹೆಚ್ಚು ಕಡಿಮೆ ಒದರಿಯೇ ಹೇಳಿದ.

ಶಿವಗಂಗವ್ವ ಗೋಡೆ ಸುತ್ತಿ ಆಕಡೆ ಹೋಗಿ ಬಚ್ಚಲ ಕಲ್ಲಿನ ಮೇಲೆ ಕೂತಳು. ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡರೆ ಬೆರಳು ತಾವೇ ಸಿಪ್ಪೆ ಬಿಡಿಸಲು ಹೋದವು. ಬೂದಿ ಎಲ್ಲಿದೆ ಎಂದು ಕಣ್ಣು ಹುಡುಕಿದವು. ಅಂಗಳದ ಬಿಸಿಲು ಕರೆಯಿತು. ಗೌಸಬಿ ಸೊಂಟದ ಮೇಲೆ ಕೈಯಿಟ್ಟು ಎವೆಯಿಕ್ಕದೆ ಕಾಯುತ್ತಿದ್ದಳು.

"ಏನ್ ಮಾಡ್ತೀರಿ ಈಗ?"

"ನೀ ಹೆಂಗ ಮಾಡಿದ್ದಿ ಹಂಗ" ಎಂದು ಶಿವಗಂಗವ್ವ ಹಣ್ಣನ್ನು ತೊಳೆಯದೆ, ಒರೆಸದೆ, ಇದ್ದ ಹಾಗೇ ಬಾಯಿಗೆ ಹಾಕಿಕೊಂಡಳು.

ಗೌಸಬಿಯ ಕೈ ಸೊಂಟದಿಂದ ಇಳಿಯಿತು. ಹಣ್ಣು ಸಿಹಿಯಾಗಿತ್ತು. ಶಿವಗಂಗವ್ವ ಕಣ್ಣು ಮುಚ್ಚಿ ಪೂರ್ತಿ ಸೀಪಿದಳು. ಆಮೇಲೆ ಬಗ್ಗಿ ನಿಂಬೆಗಿಡದ ನೆರಳಿಗೆ, ಬಚ್ಚಲ ಹಸಿ ಮಣ್ಣಿಗೆ, "ಥೂ" ಎಂದು ಉಗುಳಿದಳು. ಕೈ ಚಾಚಿ, "ಇನ್ನೊಂದ ಕೊಡು" ಎಂದಳು.

ಗಂಟಿನ ಹಣ್ಣು ಮುಗಿಯುವವರೆಗೆ ಇಬ್ಬರೂ ಮಗ್ಗುಲಲ್ಲಿ ಕೂತು ಸೀಪಿ ಉಗುಳಿದರು. ರಸೂಲಸಾಬನ ಬಸ್ಸು ತಪ್ಪಿತು. ಎಲ್ಲ ಮುಗಿದ ಮೇಲೆ ಶಿವಗಂಗವ್ವ ಎದ್ದು, ಸೆರಗಿನಿಂದ ಬಾಯಿ ಒರೆಸಿಕೊಂಡು, ನೆಲದ ಕಡೆ ಒಮ್ಮೆ ಸಂಶಯದಿಂದ ನೋಡಿದಳು.

"ನಾಳಿಂದ ಈ ಕಡೆ ನನ್ನ ಬಿಡಬ್ಯಾಡ ನೋಡ ಗೌಸಬಿ" ಎಂದಳು. "ನನ್ನ ಕೈ ನಂಬೂಹಂಗಿಲ್ಲ."